ಹಣ್ಣಿನ ನೊಣ ಮತ್ತು ಆನುವಂಶಿಕತೆಯ ಪಾಠ

ಪ್ರೌಢಶಾಲೆಯ ವಿಜ್ಞಾನದಲ್ಲಿ ಆನುವಂಶಿಕತೆಯ ಪಾಠವು ಮೆಂಡೆಲರ ಬಟಾಣಿ ಗಿಡದಿಂದ ಆರಂಭವಾಗುತ್ತದೆ. ಬಹುತೇಕ ತರಗತಿಗಳಲ್ಲಿ ಅಲ್ಲಿಯೇ ಮುಗಿಯುತ್ತದೆ. ಎತ್ತರ ಮೂರು, ಕುಳ್ಳು ಒಂದು ಎಂಬ ಅನುಪಾತವನ್ನು ವಿದ್ಯಾರ್ಥಿಗಳು ಮಗ್ಗಿಯಂತೆ ಒಪ್ಪಿಸುತ್ತಾರೆ, ಪರೀಕ್ಷೆಯಲ್ಲಿ ನಾಲ್ಕು ಮನೆಯ ಚೌಕ ಬರೆದು ಅಂಕ ಪಡೆಯುತ್ತಾರೆ. ಆ ಅನುಪಾತವು ಯಾರೋ ಕುಳಿತು ಒಂದೊಂದಾಗಿ ಎಣಿಸಿದ್ದರಿಂದ ಬಂದದ್ದು ಎಂಬ ಅರಿವು ಮಾತ್ರ ಅವರಲ್ಲಿ ಮೂಡುವುದು ವಿರಳ. ಈ ಕೊರತೆಯನ್ನು ತುಂಬಲು ಶಿಕ್ಷಕರು ಸಾಮಾನ್ಯವಾಗಿ ಹಿಡಿಯುವ ದಾರಿಯೊಂದುಂಟು. ಮಕ್ಕಳ ಕಿವಿಯ ಹಾಲೆ, ನಾಲಿಗೆಯ ಸುರುಳಿ ಮುಂತಾದವನ್ನು ನೋಡಿ ಪಟ್ಟಿ ಮಾಡಿಸಿ, ಮನೆಯವರದನ್ನೂ ಬರೆದು ತರಲು ಹೇಳುವುದೇ ಆ ದಾರಿ. ಅದನ್ನು ಬಿಟ್ಟು ಹಣ್ಣಿನ ನೊಣವನ್ನು ಆಶ್ರಯಿಸುವುದು ಏಕೆ ಮೇಲು, ಸೌಲಭ್ಯ ಕಡಿಮೆಯಿರುವ ಶಾಲೆಯಲ್ಲಿ ಅದು ಎಷ್ಟರಮಟ್ಟಿಗೆ ಸಾಧ್ಯ ಎಂಬುದು ಇಲ್ಲಿಯ ವಿಷಯ.

ಯಾವ ನೊಣ?

ಕಳಿತ ಬಾಳೆಹಣ್ಣಿನ ಮೇಲೆ, ಹಲಸಿನ ಹಣ್ಣು ಬಿಡಿಸಿದ ಅಂಗಳದಲ್ಲಿ, ದ್ರಾಕ್ಷಿ ಮಾರುವ ಗಾಡಿಯ ಸುತ್ತ ಗುಂಪುಗೂಡುವ ಎರಡು-ಮೂರು ಮಿಲಿಮೀಟರ್ ಉದ್ದದ ನಸುಕಂದು ನೊಣವನ್ನು ಕಾಣದ ಮಕ್ಕಳಿಲ್ಲ. ಇದರ ಕುಲನಾಮ ಡ್ರಾಸೊಫಿಲ. ಪ್ರಯೋಗಶಾಲೆಗಳಲ್ಲಿ ಹೆಸರಾದ ಪ್ರಭೇದ ಡ್ರಾಸೊಫಿಲ ಮೆಲನೊಗ್ಯಾಸ್ಟರ್. ಮಾವು, ಸೀಬೆಗಳ ಒಳಗೆ ಮೊಟ್ಟೆಯಿಟ್ಟು ಹುಳು ಬೀಳಿಸುವ, ಬೆಳೆಗಾರರು 'ಹಣ್ಣು ನೊಣ' ಎಂದೇ ಕರೆಯುವ ಪೀಡೆ ಇದಲ್ಲ. ಅದು ಬೇರೊಂದು ಕುಟುಂಬಕ್ಕೆ ಸೇರಿದ್ದು, ಗಾತ್ರದಲ್ಲಿಯೂ ದೊಡ್ಡದು. ಡ್ರಾಸೊಫಿಲವು ಮುಖ್ಯವಾಗಿ ಕೊಳೆಯುವ ಹಣ್ಣಿನಲ್ಲಿ ಬೆಳೆಯುವ ಯೀಸ್ಟನ್ನು ಉಣ್ಣುತ್ತದೆ. ಈ ಭೇದವನ್ನು ಆರಂಭದಲ್ಲಿಯೇ ಹೇಳದಿದ್ದರೆ ತೋಟಗಾರರ ಮಕ್ಕಳಿರುವ ತರಗತಿಯಲ್ಲಿ ಗೊಂದಲ ತಪ್ಪದು.

ಮೆಂಡೆಲರು ಬಟಾಣಿಯ ಪ್ರಯೋಗಗಳಿಗೆ 1856ರಿಂದ 1863ರವರೆಗೆ ಎಂಟು ವರ್ಷಗಳನ್ನು ವ್ಯಯಿಸಿದರು. ಗಿಡ ಬೆಳೆದು ಕಾಯಿ ಬಲಿಯುವವರೆಗೆ ಕಾಯುವುದು ಅನಿವಾರ್ಯವಾಗಿತ್ತು. ಹಣ್ಣಿನ ನೊಣಕ್ಕೆ ಅಷ್ಟು ಕಾಲ ಬೇಕಿಲ್ಲ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯು ಒಂದು ದಿನದಲ್ಲಿ ಒಡೆಯುತ್ತದೆ, ಮರಿಹುಳು ನಾಲ್ಕೈದು ದಿನ ತಿಂದು ಬೆಳೆಯುತ್ತದೆ, ಬಳಿಕ ಪ್ಯೂಪಾ ಆಗಿ, ಸುಮಾರು ಹತ್ತನೆಯ ದಿನ ರೆಕ್ಕೆಯ ನೊಣವಾಗಿ ಹೊರಬರುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನಿಡುತ್ತದೆ. ಜೀವಕೋಶದಲ್ಲಿರುವ ವರ್ಣತಂತುಗಳು ನಾಲ್ಕೇ ಜೊತೆ. ಗಂಡು-ಹೆಣ್ಣುಗಳನ್ನು ಗುರುತಿಸಲು ಕೈಮಸೂರವೇ ಸಾಕು: ಗಂಡು ಚಿಕ್ಕದು, ಅದರ ಹೊಟ್ಟೆಯ ತುದಿ ಮೊಂಡಾಗಿ ಕಪ್ಪಗಿರುತ್ತದೆ, ಹೆಣ್ಣಿನ ಹೊಟ್ಟೆ ಚೂಪಾಗಿ, ತುದಿಯವರೆಗೂ ಪಟ್ಟೆಪಟ್ಟೆಯಾಗಿರುತ್ತದೆ.

ಹಾಲಿನ ಸೀಸೆಗಳ ಕೊಠಡಿ

ಈ ನೊಣವನ್ನು ಮೊದಲು ಪ್ರಯೋಗಶಾಲೆಗೆ ತಂದವರು ಟಾಮಸ್ ಹಂಟ್ ಮಾರ್ಗನ್ ಎಂದು ಹಲವರು ಭಾವಿಸುತ್ತಾರೆ. ಅವರಿಗಿಂತ ಮೊದಲು, 1901ರ ಸುಮಾರಿಗೇ, ಹಾರ್ವರ್ಡ್ ವಿಶ್ವವಿದ್ಯಾಲಯದ ವಿಲಿಯಂ ಕ್ಯಾಸಲ್ ಇದನ್ನು ಸಾಕತೊಡಗಿದ್ದರು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ನರು ಕೆಲವು ವರ್ಷಗಳ ತರುವಾಯ ಕೆಲಸಕ್ಕೆ ತೊಡಗಿದರು. ಹದಿನಾರು ಅಡಿ ಅಗಲ, ಇಪ್ಪತ್ತಮೂರು ಅಡಿ ಉದ್ದದ ಅವರ ಕೊಠಡಿ ನಮ್ಮ ಅನೇಕ ಶಾಲೆಗಳ ತರಗತಿಯ ಕೋಣೆಗಿಂತ ದೊಡ್ಡದೇನೂ ಅಲ್ಲ. ಅದರಲ್ಲಿ ಎಂಟು ಮೇಜುಗಳು, ನೊಣಗಳ ವಾಸಕ್ಕೆ ಹಾಲಿನ ಖಾಲಿ ಸೀಸೆಗಳು, ಆಹಾರಕ್ಕೆ ಬಾಳೆಹಣ್ಣು. ಉಪಕರಣವಿಲ್ಲದೆ ವಿಜ್ಞಾನವಿಲ್ಲ ಎಂದು ನಿರಾಶರಾಗುವ ಶಿಕ್ಷಕರು ಈ ಕೊಠಡಿಯನ್ನು ಆಗಾಗ ನೆನೆಯಬಹುದು.

ಮಾರ್ಗನ್ನರು ಆ ಕಾಲದಲ್ಲಿ ಮೆಂಡೆಲರ ನಿಯಮಗಳನ್ನು ಪೂರ್ತಿಯಾಗಿ ಒಪ್ಪಿದವರಲ್ಲ. ಗುಣಗಳನ್ನು ವರ್ಣತಂತುಗಳು ಹೊತ್ತು ಸಾಗುತ್ತವೆ ಎಂಬ ವಾದದಲ್ಲಿಯೂ ಅವರಿಗೆ ಸಂಶಯವಿತ್ತು. ನೆಟ್ಟಿ ಸ್ಟೀವನ್ಸ್ ಮತ್ತು ಎಡ್ಮಂಡ್ ವಿಲ್ಸನ್ ಎಂಬ ಇಬ್ಬರು ಲಿಂಗಕ್ಕೆ ಸಂಬಂಧಿಸಿದ ವರ್ಣತಂತುಗಳನ್ನು ಕೀಟಗಳಲ್ಲಿ 1905ರಲ್ಲಿಯೇ ತೋರಿಸಿದ್ದರೂ ಈ ಸಂಶಯ ಅಳಿದಿರಲಿಲ್ಲ. ಅದನ್ನು ಅಳಿಸಿದ್ದು 1910ರಲ್ಲಿ ಸೀಸೆಯೊಂದರಲ್ಲಿ ಕಾಣಿಸಿಕೊಂಡ ಬಿಳಿಯ ಕಣ್ಣಿನ ಒಂದು ಗಂಡು ನೊಣ. ಅದರ ಒಡಹುಟ್ಟುಗಳೆಲ್ಲ ಕೆಂಪು ಕಣ್ಣಿನವು.

ಮಾರ್ಗನ್ನರು ಅದನ್ನು ಕೆಂಪು ಕಣ್ಣಿನ ಹೆಣ್ಣುಗಳೊಡನೆ ಕೂಡಿಸಿದರು. ಮೊದಲ ಪೀಳಿಗೆಯಲ್ಲಿ 1,237 ನೊಣಗಳು ಕೆಂಪು ಕಣ್ಣಿನವಾಗಿ ಹುಟ್ಟಿದವು. ಮೂರು ಗಂಡುಗಳು ಮಾತ್ರ ಬಿಳಿ ಕಣ್ಣಿನವು. ಬಿಳಿ ಕಣ್ಣು ಮರೆಯಾಯಿತು, ಮೆಂಡೆಲರ ಕುಳ್ಳು ಬಟಾಣಿಯಂತೆ. ಬಳಿಕ ಆ ಪೀಳಿಗೆಯ ಗಂಡು-ಹೆಣ್ಣುಗಳನ್ನೇ ತಮ್ಮೊಳಗೆ ಕೂಡಿಸಿದಾಗ ಎರಡನೆಯ ಪೀಳಿಗೆಯಲ್ಲಿ ಸಿಕ್ಕ ಲೆಕ್ಕ ಹೀಗಿತ್ತು: ಕೆಂಪು ಕಣ್ಣಿನ ಹೆಣ್ಣು 2,459, ಕೆಂಪು ಕಣ್ಣಿನ ಗಂಡು 1,011, ಬಿಳಿ ಕಣ್ಣಿನ ಗಂಡು 782, ಬಿಳಿ ಕಣ್ಣಿನ ಹೆಣ್ಣು ಒಂದೂ ಇಲ್ಲ.

ಈ ನಾಲ್ಕು ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ವಿವರಣೆ ಕೊಡದೆ, ತರಗತಿಯನ್ನು ಕೆಲವು ನಿಮಿಷ ಯೋಚಿಸಲು ಬಿಡುವುದು ಒಳ್ಳೆಯದು. ಒಟ್ಟು ಕೆಂಪು 3,470, ಬಿಳಿ 782. ಭಾಗಿಸಿದರೆ ಮೂರಕ್ಕೆ ಒಂದು ಬರುವುದಿಲ್ಲ, ನಾಲ್ಕೂವರೆಗೆ ಸಮೀಪದ ಸಂಖ್ಯೆ ಬರುತ್ತದೆ. ಪುಸ್ತಕದ ಅನುಪಾತವು ತಪ್ಪೇ ಎಂದು ಯಾವುದಾದರೂ ಮಗು ಕೇಳಿದರೆ ಅದು ಪಾಠದ ಯಶಸ್ಸು. ಬಿಳಿ ಕಣ್ಣಿನ ನೊಣಗಳು ಬದುಕುಳಿಯುವುದರಲ್ಲಿ ಹಿಂದೆ ಬೀಳುತ್ತವೆ ಎಂಬುದು ಈ ಕೊರತೆಗೆ ಕೊಡುವ ವಿವರಣೆ. ನಿಸರ್ಗದ ಲೆಕ್ಕ ಪುಸ್ತಕದ ಚೌಕದಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಮಾರ್ಗನ್ನರು ತಮಗೆ ದೊರೆತುದನ್ನು ದೊರೆತಂತೆಯೇ ಅಚ್ಚು ಹಾಕಿಸಿದರು, ಆ ಮೂರು ಬಿಳಿ ಗಂಡುಗಳನ್ನೂ ಮುಚ್ಚಿಡಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೊನೆಯ ಸೊನ್ನೆಯದು. ಬಿಳಿ ಕಣ್ಣಿನ ಹೆಣ್ಣು ಹುಟ್ಟಲೇ ಆರದೇ? ಮಾರ್ಗನ್ನರು ಮೊದಲ ಪೀಳಿಗೆಯ ಕೆಂಪು ಕಣ್ಣಿನ ಹೆಣ್ಣುಗಳನ್ನು ಅವುಗಳ ಬಿಳಿ ಕಣ್ಣಿನ ತಂದೆಯೊಡನೆಯೇ ಕೂಡಿಸಿ ನೋಡಿದರು. ಆಗ ಕೆಂಪು ಹೆಣ್ಣು 129, ಕೆಂಪು ಗಂಡು 132, ಬಿಳಿ ಹೆಣ್ಣು 88, ಬಿಳಿ ಗಂಡು 86 ಹುಟ್ಟಿದವು. ಬಿಳಿ ಕಣ್ಣಿನ ಹೆಣ್ಣು ಹುಟ್ಟಬಲ್ಲದು. ತಂದೆತಾಯಿ ಇಬ್ಬರಿಂದಲೂ ಆ ಗುಣ ಬಂದಾಗ ಮಾತ್ರ. ಕಣ್ಣಿನ ಬಣ್ಣದ ವಂಶವಾಹಿಯು ಎಕ್ಸ್ ವರ್ಣತಂತುವಿನ ಮೇಲಿದೆ, ವೈ ವರ್ಣತಂತುವಿನ ಮೇಲೆ ಅದಕ್ಕೆ ಜೊತೆಯಿಲ್ಲ ಎಂದುಕೊಂಡರೆ ಎಲ್ಲ ಲೆಕ್ಕವೂ ಕೂಡುತ್ತದೆ. ಹೆಣ್ಣಿಗೆ ಎರಡು ಎಕ್ಸ್. ಒಂದರಲ್ಲಿ ಬಿಳಿ ಇದ್ದರೂ ಇನ್ನೊಂದರ ಕೆಂಪು ಅದನ್ನು ಮರೆಮಾಡುತ್ತದೆ. ಗಂಡಿಗೆ ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಅದರಲ್ಲಿ ಏನಿದೆಯೋ ಅದೇ ಕಣ್ಣಿಗೆ ಕಾಣುತ್ತದೆ.

ಮಾರ್ಗನ್ನರ ಶಿಷ್ಯರು ಇದನ್ನು ಬೇಗನೆ ಮುಂದಕ್ಕೊಯ್ದರು. ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ ಆಲ್ಫ್ರೆಡ್ ಸ್ಟರ್ಟೆವಂಟ್ ಒಂದು ವರ್ಣತಂತುವಿನ ಮೇಲೆ ವಂಶವಾಹಿಗಳು ಯಾವ ಅನುಕ್ರಮದಲ್ಲಿವೆ ಎಂಬುದರ ನಕ್ಷೆಯನ್ನು ಸಿದ್ಧಪಡಿಸಿದರು. ಅದು 1913ರಲ್ಲಿ ಪ್ರಕಟವಾಯಿತು. ನಿಯಮಕ್ಕೆ ಹೊಂದದೆ ಅಪರೂಪವಾಗಿ ಹುಟ್ಟುತ್ತಿದ್ದ ನೊಣಗಳನ್ನು ಬೆನ್ನಟ್ಟಿದ ಕ್ಯಾಲ್ವಿನ್ ಬ್ರಿಡ್ಜಸ್, ಅವುಗಳ ವರ್ಣತಂತುಗಳೇ ಹಂಚಿಕೆಯಲ್ಲಿ ಎಡವಿವೆ ಎಂದು 1916ರಲ್ಲಿ ತೋರಿಸಿದರು. ಮಾರ್ಗನ್ನರಿಗೆ 1933ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮನೆಯವರ ಪಟ್ಟಿ ಏಕೆ ಬೇಡ

ನೊಣದ ವಂಶವಾಹಿಗಳಿಗೆ ನಕ್ಷೆ ಬರೆದ ಸ್ಟರ್ಟೆವಂಟರೇ 1940ರಲ್ಲಿ ಮನುಷ್ಯರ ಒಂದು ಗುಣವನ್ನು ಕುರಿತು ಬರೆದರು: ನಾಲಿಗೆಯ ಅಂಚುಗಳನ್ನು ಮೇಲಕ್ಕೆ ಸುರುಳಿ ಮಾಡುವ ಶಕ್ತಿ. ಇದು ಪ್ರಬಲ ಗುಣವಾಗಿರಬಹುದು ಎಂಬುದು ಅವರ ಸೂಚನೆ. ಪಠ್ಯಪುಸ್ತಕಗಳು ಈ ಸೂಚನೆಯನ್ನು ನಿಯಮವೆಂದೇ ಎತ್ತಿಕೊಂಡವು. ಆದರೆ 1952ರಲ್ಲಿ ಫಿಲಿಪ್ ಮ್ಯಾಟ್ಲಾಕ್ ಏಕರೂಪದ ಅವಳಿಗಳ 33 ಜೋಡಿಗಳನ್ನು ಪರೀಕ್ಷಿಸಿದಾಗ, ಏಳು ಜೋಡಿಗಳಲ್ಲಿ ಒಬ್ಬರ ನಾಲಿಗೆ ಸುರುಳಿಯಾಯಿತು, ಇನ್ನೊಬ್ಬರದು ಆಗಲಿಲ್ಲ. ಒಂದೇ ವಂಶವಾಹಿಯ ಸರಳ ಆಟವಾಗಿದ್ದರೆ ಹೀಗಾಗುವಂತಿಲ್ಲ. ಈ ಗುಣವನ್ನು ಖಚಿತ ಉದಾಹರಣೆಯೆಂದು ಪುಸ್ತಕಗಳು ಇನ್ನೂ ಪಟ್ಟಿಮಾಡುವುದನ್ನು ಕಂಡು ತಮಗೆ ಮುಜುಗರವಾಗುತ್ತದೆಂದು ಸ್ವತಃ ಸ್ಟರ್ಟೆವಂಟರೇ 1965ರಲ್ಲಿ ಬರೆದರು. ಅದಾಗಿ ಅರ್ಧ ಶತಮಾನ ಕಳೆದರೂ ನಾಲಿಗೆ ಹೊರಳಿಸುವ ಆಟ ತರಗತಿಗಳಲ್ಲಿ ನಡೆದೇ ಇದೆ.

ಕಿವಿಯ ಹಾಲೆಯ ಕಥೆಯೂ ಬೇರೆಯಲ್ಲ. ಮಕ್ಕಳ ಕಿವಿಹಾಲೆ ಬಿಡಿಯಾಗಿದೆಯೋ ಕೂಡಿಕೊಂಡಿದೆಯೋ ನೋಡಿ, ತಂದೆತಾಯಿಯರದರೊಡನೆ ಹೋಲಿಸಿ, ನಿಯಮವನ್ನು ಊಹಿಸುವ ಚಟುವಟಿಕೆಯು ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ಪುಸ್ತಕದಲ್ಲಿ ಕಾಣಿಸಿಕೊಂಡಿದೆ. ವಾಸ್ತವದಲ್ಲಿ ಕಿವಿಹಾಲೆಗಳನ್ನು ಎರಡು ಗುಂಪಾಗಿ ವಿಂಗಡಿಸುವುದೇ ಕಷ್ಟ. ನಡುವಿನ ರೂಪಗಳು ಹಲವು, ಅವುಗಳ ಹಿಂದಿರುವ ವಂಶವಾಹಿಗಳೂ ಹಲವು.

ಇಲ್ಲಿ ಕೆಡುವುದು ವಿಜ್ಞಾನವೊಂದೇ ಅಲ್ಲ. ಪುಸ್ತಕದ ನಿಯಮದಂತೆ, ಕೂಡಿಕೊಂಡ ಹಾಲೆಯ ತಂದೆತಾಯಿಗೆ ಬಿಡಿಹಾಲೆಯ ಮಗು ಹುಟ್ಟುವಂತಿಲ್ಲ. ಹಾಗೆ ಹುಟ್ಟಿದ ಮಗು ತನ್ನ ಪಟ್ಟಿಯನ್ನು ತರಗತಿಯಲ್ಲಿ ಓದಿದಾಗ ಏನಾಗುತ್ತದೆ? ಜಾಣ ವಿದ್ಯಾರ್ಥಿಯೊಬ್ಬ ಕೂಡಲೇ ಲೆಕ್ಕ ಮಾಡಿ, "ಹಾಗಾದರೆ ಇವನು ಅವರ ಮಗನೇ ಅಲ್ಲ" ಎಂದು ಬಿಡಬಹುದು. ನಗುವಿನಲ್ಲಿ ಹಾರಿಹೋಗುವ ಮಾತಲ್ಲ ಅದು. ಸಂಜೆ ಆ ಮಗುವಿನೊಡನೆ ಮನೆಗೆ ಹೋಗುತ್ತದೆ, ತಾಯಿಯ ಮೇಲೆ ಬೀಳುತ್ತದೆ. ತಪ್ಪು ನಿಯಮವನ್ನು ಕಲಿಸಿ ಒಂದು ಸಂಸಾರದಲ್ಲಿ ಅನುಮಾನ ಬಿತ್ತುವ ಅಧಿಕಾರ ಯಾವ ಪಾಠಕ್ಕೂ ಇಲ್ಲ. ದತ್ತು ಪಡೆದ ಮಕ್ಕಳು, ತಂದೆಯನ್ನು ಕಾಣದ ಮಕ್ಕಳು, ಜತ್ತದಂಥ ಬರದ ಸೀಮೆಯಿಂದ ಕಬ್ಬು ಕಡಿಯಲು ಹೋದ ತಂದೆತಾಯಿಯರು ಮರಳುವವರೆಗೆ ಅಜ್ಜಿಯ ಬಳಿಯಿರುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರಬಹುದು. ಅವರು ಪಟ್ಟಿ ತುಂಬುವುದಾದರೂ ಹೇಗೆ? ನೊಣದ ವಂಶಾವಳಿಯನ್ನು ಎಷ್ಟು ಕೆದಕಿದರೂ ಯಾರ ಮಾನಕ್ಕೂ ಕುಂದಿಲ್ಲ. ಅಲ್ಲದೆ ಯಾವ ಗಂಡು ಯಾವ ಹೆಣ್ಣಿನೊಡನೆ ಕೂಡಬೇಕೆಂಬುದನ್ನು ಪ್ರಯೋಗಕಾರರೇ ನಿರ್ಧರಿಸುತ್ತಾರೆ, ಹುಟ್ಟಿದವುಗಳನ್ನೆಲ್ಲ ಎಣಿಸುತ್ತಾರೆ. ಮನುಷ್ಯರ ವಿಷಯದಲ್ಲಿ ಇವೆರಡೂ ಸಲ್ಲವು.

ಕೆಲವು ಮಾತುಗಳ ಬಗ್ಗೆ

ರಾಜ್ಯದ ಭಾಷೆಯಲ್ಲಿ ತರಬೇತಿ ಪಡೆದು ಕನ್ನಡದಲ್ಲಿ ಪಾಠ ಹೇಳುವ ಶಿಕ್ಷಕರಿಗೆ ಪಾರಿಭಾಷಿಕ ಪದಗಳ ತೊಡಕು ಹೊಸದಲ್ಲ. ಜೀನ್, ವಂಶವಾಹಿ, ಗುಣಾಣು ಈ ಮೂರೂ ಕನ್ನಡ ಪುಸ್ತಕಗಳಲ್ಲಿ ಒಂದೇ ವಸ್ತುವಿಗೆ ಬಳಕೆಯಾಗಿವೆ. ಯಾವುದನ್ನಾದರೂ ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯುವುದು ಲೇಸು. ಹೆಚ್ಚು ಎಚ್ಚರ ಬೇಕಾದದ್ದು 'ದುರ್ಬಲ ಗುಣ' ಎಂಬ ಪದದಲ್ಲಿ. ದುರ್ಬಲ ಎಂದೊಡನೆ ಮಕ್ಕಳು ಶಕ್ತಿಯಿಲ್ಲದ್ದು, ಕೀಳಾದದ್ದು ಎಂದು ತಿಳಿಯುತ್ತಾರೆ. ಜೊತೆಯ ಗುಣದೆದುರು ಕಾಣದೆ ಮರೆಯಾಗಿ ನಿಲ್ಲುವುದಷ್ಟೇ ಅದರ ಅರ್ಥ; ಮಾರ್ಗನ್ನರ ಬಿಳಿ ಕಣ್ಣಿನ ನೊಣಗಳು ಕಡಿಮೆ ಬದುಕಿದ್ದು ಬೇರೆಯ ಸಂಗತಿ. ಪರೀಕ್ಷೆಗಾಗಿ ಪಠ್ಯದ ಪದವನ್ನು ಕಲಿಸಿ, ವಿವರಣೆಯಲ್ಲಿ 'ಮರೆಯಾಗುವ ಗುಣ' ಎಂದು ಹೇಳಬಹುದು.

ಮರೆಯಾಗುವ ಗುಣದ ಮಾತು ಬಂದಾಗ ಸೋದರಿಕೆಯ ಮದುವೆಯ ಪ್ರಶ್ನೆ ಏಳುವುದು ಸಹಜ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ಬಗೆಯ ಮರೆಯ ವಂಶವಾಹಿ ಇಬ್ಬರಲ್ಲಿಯೂ ಇರುವ ಸಾಧ್ಯತೆ ಹೆಚ್ಚು, ಆದ್ದರಿಂದ ಕೆಲವು ರೋಗಗಳು ಮಕ್ಕಳಲ್ಲಿ ಪ್ರಕಟವಾಗುವ ಸಾಧ್ಯತೆಯೂ ಹೆಚ್ಚು ಎಂದು ನೇರವಾಗಿ ಹೇಳಬೇಕು. ತರಗತಿಯಲ್ಲಿರುವ ಯಾವ ಮಗುವನ್ನೂ, ಅದರ ಮನೆಯನ್ನೂ ಉದಾಹರಣೆಯಾಗಿ ತೋರಿಸಬಾರದು.

ಲಿಂಗನಿರ್ಣಯದ ಪಾಠದಲ್ಲಿ ನೊಣವನ್ನೂ ಮನುಷ್ಯರನ್ನೂ ಒಂದೇ ಎನ್ನುವಂತಿಲ್ಲ. ಎರಡರಲ್ಲಿಯೂ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಎಕ್ಸ್ ಮತ್ತು ವೈ; ಆದರೆ ನೊಣದಲ್ಲಿ ಗಂಡುತನವನ್ನು ನಿರ್ಧರಿಸುವುದು ವೈ ಅಲ್ಲ. ವೈ ಇಲ್ಲದೆ ಒಂದೇ ಎಕ್ಸ್ ಇರುವ ನೊಣ ಗಂಡೇ ಆಗಿರುತ್ತದೆ, ಸಂತಾನಶಕ್ತಿ ಮಾತ್ರ ಇರುವುದಿಲ್ಲ. ಮನುಷ್ಯರಲ್ಲಿ ಅಂಥ ಸ್ಥಿತಿಯ ಮಗು ಹೆಣ್ಣು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳು ಇನ್ನೂ ಇರುವುದರಿಂದ, ತಾಯಿಯಿಂದ ಬರುವುದು ಸದಾ ಎಕ್ಸ್, ತಂದೆಯಿಂದ ಎಕ್ಸ್ ಇಲ್ಲವೇ ವೈ ಎಂಬುದನ್ನು ಮನುಷ್ಯರ ಉದಾಹರಣೆಯಿಂದಲೇ ಸ್ಪಷ್ಟಪಡಿಸಬೇಕು. ಹಾಗೆಂದು ದೋಷವನ್ನು ತಂದೆಯ ಮೇಲೆ ಹೊರಿಸುವುದೂ ಸರಿಯಲ್ಲ; ಯಾವುದು ಬರಬೇಕೆಂಬುದು ಅವನ ಕೈಯಲ್ಲಿಲ್ಲ.

ಶಾಲೆಯಲ್ಲಿ ಸಾಧ್ಯವಾದದ್ದು

ಬಿಳಿ ಕಣ್ಣಿನ ನೊಣ ಶಾಲೆಯ ಅಂಗಳದಲ್ಲಿ ಸಿಗುವುದಿಲ್ಲ. ಬಾಳೆಹಣ್ಣಿಗೆ ಬಂದು ಮುತ್ತುವ ನೊಣಗಳೂ ಒಂದೇ ಪ್ರಭೇದದವಲ್ಲ. ದಕ್ಷಿಣ ಭಾರತದಲ್ಲಿ ಅನನಾಸೆ, ಮಾಲೆರ್ಕೋಟ್ಲಿಯಾನ ಮುಂತಾದ ಪ್ರಭೇದಗಳು ಬೆರೆತಿರುತ್ತವೆ. ತಳಿಯ ಶುದ್ಧಿಯಿಲ್ಲದೆ ಸಂಕರಣದ ಪ್ರಯೋಗ ನಡೆಯದು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗವು ಡ್ರಾಸೊಫಿಲ ತಳಿಗಳ ಸಂಗ್ರಹ ಕೇಂದ್ರವನ್ನು ಬೆಳೆಸಿದೆ. ಅಲ್ಲಿಯ ಸಂಶೋಧನೆಗಳಲ್ಲಿ ಬಳಕೆಯಲ್ಲಿರುವ ಆಹಾರ ಗೋಧಿ ರವೆ, ಬೆಲ್ಲ, ಅಗಾರುಗಳ ಗಂಜಿ. ಒಂದು ಲೀಟರ್ ನೀರಿಗೆ ರವೆ ಮತ್ತು ಬೆಲ್ಲ ತಲಾ ಸುಮಾರು ನೂರು ಗ್ರಾಂ, ಅಗಾರು ಹತ್ತು ಗ್ರಾಂ, ಬೂಷ್ಟು ಹಿಡಿಯದಂತೆ ಸ್ವಲ್ಪ ಪ್ರೊಪಿಯೋನಿಕ್ ಆಮ್ಲ. ಸಮೀಪದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ತಳಿಗಳಿದ್ದರೆ ವಿದ್ಯಾರ್ಥಿಗಳನ್ನು ಒಮ್ಮೆ ಕರೆದೊಯ್ಯಬಹುದು. ಅಲ್ಲಿ ಕೇಳಿ ತಿಳಿಯಬೇಕಾದ ಮುಖ್ಯ ವಿಷಯವೆಂದರೆ ಇನ್ನೂ ಕೂಡದ ಹೆಣ್ಣುಗಳನ್ನು ಆರಿಸುವ ಕ್ರಮ. ಹೆಣ್ಣು ನೊಣವು ಒಮ್ಮೆ ಪಡೆದ ವೀರ್ಯವನ್ನು ಒಡಲಿನಲ್ಲಿ ಕೂಡಿಟ್ಟುಕೊಂಡು ದಿನಗಟ್ಟಲೆ ಬಳಸುತ್ತದೆ; ಆದ್ದರಿಂದ ಹುಟ್ಟಿ ಎಂಟು ಗಂಟೆಗಳೊಳಗೆ ಅದನ್ನು ಬೇರ್ಪಡಿಸದಿದ್ದರೆ ಮರಿಗಳ ತಂದೆ ಯಾವುದೆಂದು ಹೇಳಲಾಗದು.

ಜೀವನಚಕ್ರವನ್ನು ನೋಡಲು ಶಾಲೆಯೇ ಸಾಕು. ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಕಳಿತ ಬಾಳೆಹಣ್ಣಿನ ತುಂಡು, ಚಿಟಿಕೆ ಯೀಸ್ಟ್, ಮಡಿಸಿದ ಕಾಗದ ಇಟ್ಟು ಒಂದೆರಡು ದಿನ ತೆರೆದಿಟ್ಟರೆ ನೊಣಗಳು ತಾವಾಗಿ ಸೇರುತ್ತವೆ. ಬಳಿಕ ಹತ್ತಿಯ ಬಿರಡೆ ಹಾಕಿ, ನಾಲ್ಕೈದು ದಿನಗಳಲ್ಲಿ ದೊಡ್ಡ ನೊಣಗಳನ್ನು ಹೊರಗೆ ಬಿಟ್ಟರೆ ಮುಂದಿನ ಪೀಳಿಗೆ ಬೆರೆಯದೆ ಸಿಗುತ್ತದೆ. ಸೊಲ್ಲಾಪುರ, ಆದವಾನಿಗಳ ಬೇಸಿಗೆ ಇದಕ್ಕೆ ಒಗ್ಗದು. ಮೂವತ್ತು ಡಿಗ್ರಿ ದಾಟಿದರೆ ಮೆಲನೊಗ್ಯಾಸ್ಟರ್ ಗಂಡುಗಳು ಬಂಜೆಯಾಗುತ್ತವೆ. ನೀಲಗಿರಿಯ ಚಳಿಯಲ್ಲಿ ಹತ್ತು ದಿನಗಳ ಕೆಲಸಕ್ಕೆ ಇಪ್ಪತ್ತು ದಿನ ಹಿಡಿದೀತು. ನೊಣಗಳನ್ನು ಮಂಪರಿಗೊಳಿಸಲು ಈಥರ್ ಬೇಡ, ಅದಕ್ಕೆ ಬೆಂಕಿಯ ಭಯವುಂಟು. ಸೀಸೆಯನ್ನು ಕೆಲವು ನಿಮಿಷ ಮಂಜುಗಡ್ಡೆಯಲ್ಲಿ ಹೂತಿಟ್ಟರೆ ಅವು ಜಡವಾಗುತ್ತವೆ, ಗಂಡು-ಹೆಣ್ಣು ವಿಂಗಡಿಸಿ ಎಣಿಸಲು ಅಷ್ಟು ಸಮಯ ಸಾಕು.

ಸಂಕರಣವನ್ನು ಮಣಿಗಳಿಂದ ಮಾಡಿಸಬಹುದು. ತಾಯಿಯ ಚೀಲದಲ್ಲಿ ಒಂದು ಕೆಂಪು ಮಣಿ, ಒಂದು ಬಿಳಿ ಮಣಿ. ತಂದೆಯ ಚೀಲದಲ್ಲಿ ಒಂದು ಕೆಂಪು ಮಣಿ ಮತ್ತು ವೈ ವರ್ಣತಂತುವಿನ ಗುರುತಿಗೆ ಅಷ್ಟೇ ಗಾತ್ರದ ಒಂದು ಕಪ್ಪು ಮಣಿ. ಪ್ರತಿ ವಿದ್ಯಾರ್ಥಿಯೂ ಕಣ್ಣುಮುಚ್ಚಿ ಎರಡೂ ಚೀಲಗಳಿಂದ ಒಂದೊಂದು ಮಣಿ ತೆಗೆದು, ಮರಿಯ ಲಿಂಗವನ್ನೂ ಕಣ್ಣಿನ ಬಣ್ಣವನ್ನೂ ಬರೆದುಕೊಂಡು, ಮಣಿಗಳನ್ನು ಮತ್ತೆ ಚೀಲಕ್ಕೆ ಹಾಕಿ, ಹೀಗೆ ಇಪ್ಪತ್ತು ಬಾರಿ ಮಾಡಬೇಕು. ಒಬ್ಬೊಬ್ಬರ ಲೆಕ್ಕ ಎಲ್ಲೆಲ್ಲಿಗೋ ಹೋಗಿರುತ್ತದೆ. ಒಬ್ಬನಿಗೆ ಎಂಟು ಬಿಳಿ, ಇನ್ನೊಬ್ಬಳಿಗೆ ಎರಡು. ಮೂವತ್ತು ಮಕ್ಕಳ ಆರುನೂರು ಮರಿಗಳನ್ನು ಹಲಗೆಯ ಮೇಲೆ ಒಟ್ಟುಗೂಡಿಸಿದಾಗ ಬಿಳಿ ಕಣ್ಣಿನವು ನೂರೈವತ್ತರ ಆಸುಪಾಸಿನಲ್ಲಿ ನಿಲ್ಲುತ್ತವೆ, ಅವೆಲ್ಲವೂ ಗಂಡು. ಯಾರದಾದರೂ ಹಾಳೆಯಲ್ಲಿ ಬಿಳಿ ಕಣ್ಣಿನ ಹೆಣ್ಣು ಕಂಡರೆ ಎಲ್ಲಿ ತಪ್ಪಿತೆಂದು ತರಗತಿಯೇ ಹುಡುಕಲಿ. ಲೆಕ್ಕ ಅಂದವಾಗಲೆಂದು ಸಂಖ್ಯೆ ತಿದ್ದುವ ಮಕ್ಕಳು ಇರುತ್ತಾರೆ. ಅವರಿಗೆ ಮಾರ್ಗನ್ನರ 782ನ್ನು ಇನ್ನೊಮ್ಮೆ ತೋರಿಸಬೇಕು.

ಮುಂದಿನ ದಿನ ಚೀಲಗಳನ್ನು ಬದಲಿಸಬಹುದು: ತಾಯಿಯದರಲ್ಲಿ ಎರಡೂ ಬಿಳಿ ಮಣಿ, ತಂದೆಯದರಲ್ಲಿ ಒಂದು ಕೆಂಪು, ಒಂದು ಕಪ್ಪು. ಮಣಿ ತೆಗೆಯುವ ಮೊದಲೇ ಫಲಿತಾಂಶವನ್ನು ಊಹಿಸಿ ಬರೆಯಲು ಹೇಳಬೇಕು. ಹೆಣ್ಣುಮರಿಗಳೆಲ್ಲ ತಂದೆಯಂತೆ ಕೆಂಪು ಕಣ್ಣಿನವು, ಗಂಡುಮರಿಗಳೆಲ್ಲ ತಾಯಿಯಂತೆ ಬಿಳಿ ಕಣ್ಣಿನವು ಎಂದು ಯಾರು ಬರೆದಿರುತ್ತಾರೋ ಅವರಿಗೆ ಪಾಠ ಅರ್ಥವಾಗಿದೆ. ಮೂರಕ್ಕೆ ಒಂದು ಎಂದು ಬರೆದವರೊಡನೆ ಮೊದಲ ದಿನದ ಚೀಲಗಳಿಂದ ಮತ್ತೆ ಆರಂಭಿಸಬೇಕಾಗುತ್ತದೆ.